ಗಾಜಿನ ಮಾವನ ಕೋವಿ, ಗಾಜಿನ ಮಾವನ ಬೆರಳು

“ಅಮ್ಮಾ, ಗಾಜಜ್ಜ ಅಪ್ಪನ ಬೂಟನ್ನ ಮಡಿಲಲ್ಲಿ ಇಟ್ಕೊಂಡು ಯಾಕೆ ಕೂತಿದ್ದ?”

ಮಗಳ ತಲೆ ಬಾಚುತ್ತಿದ್ದೆ. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅವಳ ಪ್ರಶ್ನೆಗಳಿಗೆಲ್ಲ ಕಿವಿಗೊಡುತ್ತಾ ಕೂತರೆ ಬೆಳಗಿನ ಕೆಲಸ ಮುಗಿದ ಹಾಗೆಯೇ. “ಕೆಸರಾಗಿತ್ತೇನೋ, ಒರೆಸ್ತಾ ಇದ್ರೇನೋ” ಎಂದೆ.

“ಒರೆಸ್ತಾ ಇರ್ಲಿಲ್ಲ. ಸುಮ್ನೆ ನೋಡ್ತಾ ಇದ್ದ. ಬೂಟಿಗೆ ಪೆಟ್ಟಾಗಿದ್ಯಾ ಅಂತ ಕೇಳ್ದೆ. ಹೂಂ ಅಂದ. ಕಣ್ಣಲ್ಲಿ ನೀರಿತ್ತು.”

ಗಾಜಜ್ಜ ಎಂದರೆ ನನ್ನ ಗಂಡನ ಸೋದರಮಾವ. ಕಿಟಕಿ, ಬಾಗಿಲು, ಕಪಾಟುಗಳಿಗೆ ಗಾಜು ಕತ್ತರಿಸಿ ಕೂರಿಸುವುದು ಅವರ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ನಮ್ಮಿಂದ ಎರಡು ಬೀದಿ ಆಚೆ. ನಾನು ಅರ್ಧ ದಿನ ಲಾಂಡ್ರಿಯ ಕೌಂಟರಿನಲ್ಲಿ ನಿಲ್ಲುತ್ತೇನೆ. ಅಷ್ಟು ಹೊತ್ತು ಮಗಳು ಅಲ್ಲಿ ಅವರ ಹೆಂಡತಿಯ ಸೆರಗು ಹಿಡಿದುಕೊಂಡಿರುತ್ತಾಳೆ. ನನ್ನವರ ಬೇಟೆಯ ಬೂಟೂ ಅಲ್ಲೇ, ಮೆಟ್ಟಿಲ ಕೆಳಗಿನ ಗೂಡಿನಲ್ಲಿರುತ್ತದೆ. ಆ ಕೆಸರನ್ನು ಮನೆಯೊಳಗೆ ತರಕೂಡದು ಎಂದು ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದೆ.

ಅಂದು ಮಗಳನ್ನು ಬಿಡಲು ಹೋದಾಗ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಬಲಗಾಲಿನ ಬೂಟು ಚೆನ್ನಾಗಿತ್ತು. ಎಡಗಾಲಿನದರ ಮುಂಭಾಗದಲ್ಲಿ, ಕಿರುಬೆರಳು ಬರುವ ಕಡೆ, ಅಟ್ಟೆಯ ಅಂಚಿನ ಒಂದು ಚೂರು ಇರಲಿಲ್ಲ. ಯಾರೋ ಬಿಸ್ಕತ್ತು ಕಚ್ಚಿದ ಹಾಗಿತ್ತು. ಲಾಂಡ್ರಿಯಲ್ಲಿ ಹರಿದ ಬಟ್ಟೆಯನ್ನೂ ಸುಟ್ಟ ಬಟ್ಟೆಯನ್ನೂ ದಿನಾ ನೋಡುತ್ತೇನೆ. ಇದು ಹರಿದದ್ದಲ್ಲ. ಒಳಗೆ ಕೈ ಹಾಕಿ ಕಾಲ್ಬೆರಳು ಎಲ್ಲಿಯವರೆಗೆ ಬರುತ್ತದೆ ಎಂದು ತಡಕಿದೆ. ಹೋದ ಚೂರಿಗೂ ಬೆರಳಿಗೂ ನಡುವೆ ನನ್ನ ಮಗಳ ಕಿರುಬೆರಳಿನಷ್ಟು ಜಾಗ. ಅಷ್ಟೇ.

ಆ ದಿನ ಲಾಂಡ್ರಿಯಲ್ಲಿ ಮೂರು ಜನರ ಬಟ್ಟೆ ಅದಲು ಬದಲು ಮಾಡಿ ಕೊಟ್ಟೆ.

ಸಂಜೆ ನನ್ನವರು ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದರು. ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ.

“ಬೂಟಿಗೆ ಏನಾಯ್ತು?”

“ಯಾವ ಬೂಟು? ಓ, ಅದಾ. ತಂತಿ ಬೇಲಿ ತಗುಲ್ತು.”

“ತಂತಿ ಸುಡುತ್ತೇನ್ರೀ?”

ಅವರ ಕೈ ನಿಂತಿತು. ಸುಳ್ಳು ಹೇಳುವಾಗ ಅವರ ಕಿವಿ ಕೆಂಪಾಗುತ್ತದೆ, ಮಗಳಿಗೂ ಅದೇ ಬಂದಿದೆ. ಎರಡು ಕಿವಿಯೂ ಕೆಂಪಾಗಿದ್ದವು. ಆಮೇಲೆ ಒಂದೊಂದೇ ಮಾತಾಗಿ ಹೊರಗೆ ಬಂತು.

ಊರಾಚೆಯ ಆಲೂಗಡ್ಡೆ ಹೊಲಗಳಿಗೆ ಕಾಡುಹಂದಿ ನುಗ್ಗಿದಾಗ, ಪರವಾನಗಿ ಇರುವವರನ್ನು ಹೊಲದವರು ಕರೆಯುತ್ತಾರೆ. ಮಾವ ಕೋವಿ ಹಿಡಿಯುತ್ತಾರೆ. ನನ್ನವರು ಬರಿಗೈಯಲ್ಲಿ ಜೊತೆಗೆ ಹೋಗಿ ಜಾಡು ನೋಡುತ್ತಾರೆ. ಅವರಿಬ್ಬರ ನಡುವೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಬೇಲಿ ಬರಲಿ, ಕಾಲುವೆ ಬರಲಿ, ದಾಟುವ ಮೊದಲು ಕೋವಿ ಖಾಲಿ ಮಾಡಬೇಕು. ಹಿಂಭಾಗದ ಬೋಲ್ಟನ್ನು ಹಿಂದಕ್ಕೆಳೆದು ತೋಟಾ ತೆಗೆದು, ತೆರೆದ ಹೊಟ್ಟೆಯನ್ನು ಜೊತೆಗಾರನಿಗೆ ತೋರಿಸಿ “ಖಾಲಿ” ಎನ್ನಬೇಕು. ಜೊತೆಗಾರ ಕಣ್ಣಾರೆ ನೋಡಿ “ಕಂಡೆ” ಎನ್ನಬೇಕು. ಆಮೇಲೇ ಕಾಲೆತ್ತುವುದು. ಇದು ನನ್ನ ಅತ್ತೆ, ಎಂದರೆ ಗಂಡನ ತಾಯಿ, ಮಾಡಿಟ್ಟ ನಿಯಮ. ಕೋವಿಯೂ ಅವರದೇ. ಈ ಮನೆಯಲ್ಲಿ ಬೇಟೆ ಕಲಿತವರು ಮೊದಲು ಅವರು, ತಮ್ಮನಿಗೆ ಕಲಿಸಿದವರೂ ಅವರೇ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಗೋಡೆಯ ಮೇಲಿನ ಚಿತ್ರವಾಗಿದ್ದರು. ಚಿತ್ರದಲ್ಲೂ ಬಾಯಿ ಬಿಗಿದುಕೊಂಡು, ಎಲ್ಲಿ ನೋಡೋಣ ಎನ್ನುವ ಹಾಗೆ ನಿಂತಿದ್ದಾರೆ.

ಆದರೆ ಆ ಹಳೇ ಕೋವಿಯ ರಚನೆಯಲ್ಲೇ ಒಂದು ತೊಡಕಿತ್ತು. ಸೇಫ್ಟಿ, ಎಂದರೆ ಗುಂಡು ಹಾರದಂತೆ ತಡೆಯುವ ಗುಂಡಿ, ಹಾಕಿದರೆ ಬೋಲ್ಟಿಗೂ ಬೀಗ ಬಿದ್ದ ಹಾಗೆ, ಹಿಂದಕ್ಕೆ ಬರುವುದಿಲ್ಲ. ಖಾಲಿ ಮಾಡಬೇಕಾದರೆ ಮೊದಲು ಸೇಫ್ಟಿ ತೆಗೆಯಲೇಬೇಕು. ಎಂದರೆ ಪ್ರತಿ ಬೇಲಿಯ ಬಳಿಯೂ, ಎಚ್ಚರಿಕೆಗೆಂದೇ, ತೋಟಾ ಒಳಗಿರುವಾಗಲೇ ಸೇಫ್ಟಿ ತೆಗೆಯಬೇಕು. ಅಸಡ್ಡೆಯವನು ದಿನಕ್ಕೊಮ್ಮೆ ತೆಗೆದರೆ ಈ ನೇಮದವರು ಹತ್ತು ಸಲ ತೆಗೆಯುತ್ತಿದ್ದರು.

“ಬೇಲಿ ಹತ್ರ ಮಾವ ಸೇಫ್ಟಿ ತೆಗೆದ್ರು. ಢಂ ಅಂತು. ನನ್ನ ಕಾಲ ಪಕ್ಕ ಕೆಸರು ಹಾರಿ ಮುಖಕ್ಕೆ ಬಿತ್ತು” ಎಂದರು ನನ್ನವರು. “ಅಷ್ಟೇ ಕಣೇ.”

“ಅಷ್ಟೇನಾ?”

“ಬೆರಳು ಐದೂ ಇವೆ. ಬೇಕಾದ್ರೆ ಎಣಿಸ್ಕೋ” ಎಂದು ಕಾಲು ಮುಂದೆ ಚಾಚಿದರು. ನಗಿಸಲು ನೋಡಿದರು. ನಾನು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು. ಕಾಲುಚೀಲದಲ್ಲಿ ಒಂದು ತೂತಿತ್ತು, ಅದು ಹಳೆಯದೇ, ನಾನೇ ಹೊಲಿಯಬೇಕೆಂದು ಇಟ್ಟು ಮರೆತದ್ದು. ಆದರೂ ಅದನ್ನು ಕಂಡು ನನ್ನ ಹಲ್ಲು ಕಟಕಟ ಅಂದವು.

“ಈಗ ಸೇಫ್ಟಿ ಬದಲಾಯಿಸಿಬಿಟ್ರೆ ಎಲ್ಲ ಸರಿಹೋಗುತ್ತೆ” ಎಂದು ಅವರು ಸಮಾಧಾನ ಮಾಡಿದರು. “ಸೇಫ್ಟಿ ಹಾಕಿದ್ರೂ ಬೋಲ್ಟ್ ಬರೋ ಹಾಗೆ ಮಾಡ್ಕೊಡ್ತಾರೆ. ಮಾವ ಒಪ್ಪಬೇಕು, ಅಷ್ಟೇ. ಅಕ್ಕನ ಕೋವಿ ಮುಟ್ಟಿಸಲ್ಲ ಅಂತ ಕೂತಿದಾರೆ. ಭಾನುವಾರ ಬೇರೆ ಮತ್ತೆ ಕರೆದಿದಾರೆ.”

“ನೀವು ಹೋಗಕೂಡದು.”

“ನಾನು ಹೋಗದಿದ್ರೆ ಮಾವ ಒಬ್ರೇ ಹೋಗ್ತಾರೆ. ಅದು ಇನ್ನೂ ಕೆಟ್ಟದ್ದಲ್ವಾ?”

ನಾನೂ ಬಟಾಣಿ ಬಿಡಿಸಲು ಕೂತೆ. ಬಟಾಣಿ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಡಬ್ಬಿಗೂ ಹಾಕುತ್ತಿದ್ದೆ ಎಂದು ಮಗಳು ಬಂದು ಹೇಳಿದ ಮೇಲೇ ಗೊತ್ತಾದದ್ದು.

ಮಾವನ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅವರು ನಡೆಯುವುದೇ ಒಂದು ಥರ. ಎರಡೂ ಕೈ ಮೈಯಿಂದ ಸ್ವಲ್ಪ ದೂರ, ಕಂಕುಳಲ್ಲಿ ಕಾಣದ ಗಾಜಿನ ಹಾಳೆ ಇದೆಯೇನೋ ಎಂಬಂತೆ. ಯಾರ ಮನೆಗೆ ಹೋದರೂ ಮೊದಲು ಕಿಟಕಿಯ ಗಾಜನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಹಾಗೇ ಮಾಡಿದ್ದರಂತೆ. “ಇವರು ನನ್ನ ನೋಡೋಕೆ ಬಂದಿದ್ರೋ ನಮ್ಮ ಕಿಟಕಿ ನೋಡೋಕೆ ಬಂದಿದ್ರೋ ಇವತ್ತಿನವರೆಗೂ ಗೊತ್ತಿಲ್ಲ” ಎನ್ನುತ್ತಾರೆ ಅವರ ಹೆಂಡತಿ. ಅವರನ್ನೂ ನಾನು ಅತ್ತೆ ಎಂದೇ ಕರೆಯುತ್ತೇನೆ.

ಅಂಗಡಿಯಲ್ಲಿ ಕಟರ್ ಗಾಜಿನ ಮೇಲೆ ಓಡುವಾಗ ಯಾರೂ ಮಾತಾಡುವಂತಿಲ್ಲ. ಗೆರೆ ಎಳೆದು, ಅಡಿಯಿಂದ ಒಂದು ಸಲ ತಟ್ಟಿ, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಟಪ್ ಎಂದು ಎರಡು ಹೋಳು. ನನ್ನ ಮಗಳಿಗೆ ಅದು ಜಾದೂ. ಮಾವ ಅವಳಿಗೆ ಹೇಳಿಕೊಟ್ಟ ಪಾಠ ಒಂದೇ: ಗಾಜು ಜಾರಿದರೆ ಹಿಡಿಯಲು ಹೋಗಬಾರದು. ಕೈ ಬಿಟ್ಟು ಹಿಂದಕ್ಕೆ ಸರಿಯಬೇಕು. ಇನ್ನೊಂದು ಗಾಜು ಸಿಗುತ್ತದೆ.

ಆ ಪಾಠವನ್ನು ಅವರೇ ಒಮ್ಮೆ ಮೀರಿದ್ದರು. ಮದುವೆಯ ವರ್ಷ ಹೆಂಡತಿಗೆಂದು ತಾವೇ ಮಾಡಿದ ಆಳೆತ್ತರದ ಕನ್ನಡಿ ಮೆಟ್ಟಿಲಲ್ಲಿ ಜಾರಿತು. ಹಿಡಿಯಲು ಹೋದರು. ಬಲಗೈ ತೋರುಬೆರಳು ಒಳಗಿನವರೆಗೆ ಸೀಳಿತು. ಹೊಲಿಗೆ ಹಾಕಿದರು, ಗಾಯ ಮಾಯಿತು, ಬೆರಳು ಮಡಚುತ್ತದೆ, ಚಾಚುತ್ತದೆ. ಕೆಲಸಕ್ಕೆ ಏನೂ ತೊಂದರೆಯಾಗಲಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. “ಬೆರಳು ಕೊಟ್ಟು ಕನ್ನಡಿ ಉಳಿಸೋಕೆ ಹೋದ್ರು, ಎರಡೂ ಹೋಯ್ತು” ಎಂದು ಅತ್ತೆ ಆಗಾಗ ಚುಡಾಯಿಸುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಈಗ ಯೋಚಿಸಿದರೆ ಮಾವ ನಕ್ಕದ್ದು ನೆನಪಿಲ್ಲ.

ಮರುದಿನ ಕೆಲಸ ಮುಗಿಸಿ ನೇರ ಅಲ್ಲಿಗೆ ಹೋದೆ. ಅತ್ತೆ ಹಜಾರದ ಗೋಡೆಗೆ ಒರಗಿಕೊಂಡು ಅಡ್ಡಡ್ಡ ನಡೆದು ಬರುತ್ತಿದ್ದರು, ಕಿರಿದಾದ ಕಟ್ಟೆಯ ಮೇಲೆ ನಡೆಯುವವರ ಹಾಗೆ.

“ಏನತ್ತೆ ಇದು?”

“ಆ ಕಪಾಟಿನ ಮುಂದೆ ನಾನು ಹಾಯಲ್ಲಮ್ಮ. ಅದರೊಳಗಿದೆ.”

“ಖಾಲಿ ಇದೆ ತಾನೇ?”

“ಖಾಲಿ ಮಾಡುವಾಗಲೇ ಅಲ್ವಾ ಅದು ಹಾರಿದ್ದು!”

ನೋಡಿದರೆ ನಾನೂ ಗೋಡೆಗೆ ಒರಗಿಯೇ ದಾಟಿದೆ. ಮಗಳು ಹಿಂದೆಯೇ, ಇದೇನೋ ಹೊಸ ಆಟವೆಂದು, ಬೆನ್ನು ಗೋಡೆಗೆ ಉಜ್ಜುತ್ತಾ ಬಂದಳು.

ಮಾವ ಕೆಳಗೆ ಅಂಗಡಿಯಲ್ಲಿ ಒಂದು ಕಿಟಕಿ ಚೌಕಟ್ಟಿಗೆ ಗಾಜು ಹಿಡಿಸುವ ಪುಟ್ಟಿ ಮೆತ್ತುತ್ತಿದ್ದರು. ನನ್ನನ್ನು ನೋಡಿ, ಗೊತ್ತಾಗಿದೆ ಎಂದು ತಿಳಿದು, ಕೈ ಒರೆಸಿಕೊಂಡು ಎದ್ದು ನಿಂತರು. ಸೊಸೆಯ ಮುಂದೆ ಮಾವ ಎದ್ದು ನಿಲ್ಲುವುದು! ನನಗೆ ಅಲ್ಲೇ ಅಳು ಬಂತು. ಬೈಯಲು ಮಾತು ಕಟ್ಟಿಕೊಂಡು ಬಂದಿದ್ದೆ.

“ಕೂತ್ಕೊಳ್ಳಿ ಮಾವ.”

“ನಿನ್ನ ಮುಖ ಹೇಗೆ ನೋಡಲಿ ಅಂತ ಇದ್ದೆ ಮಗಳೇ.”

“ಈಗ ನೋಡಿದ್ರಲ್ಲ. ಸೇಫ್ಟಿ ಬದಲಾಯಿಸ್ಬಹುದಂತೆ?”

ಅವರು ಪುಟ್ಟಿಯ ಉಂಡೆಯನ್ನು ಅಂಗೈಯಲ್ಲಿ ಹೊರಳಿಸತೊಡಗಿದರು. “ಬದಲಾಯಿಸ್ಬಹುದು. ಅಕ್ಕ ಬೇಡ ಅಂದಿದ್ಳು. ಆ ಬೀಗಕ್ಕೂ ಒಂದು ಕಾರಣ ಇದೆ. ಪೊದೆಯೊಳಗೆ ನುಗ್ಗುವಾಗ ಕೊಂಬೆ ತಗುಲಿ ಬೋಲ್ಟ್ ತೆರೆದುಕೊಂಡ್ರೆ? ತೋಟಾ ಕೆಳಗೆ ಬೀಳುತ್ತೆ, ಹಂದಿ ಎದುರಿಗೆ ನಿಂತಿರುತ್ತೆ. ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ತೆರೆಯುತ್ತೆ.”

“ಹಂದಿ ಎದುರಿಗೆ ನಿಂತ್ರೆ ಮರ ಹತ್ತಬಹುದು ಮಾವ. ಗುಂಡು ಬಂದ್ರೆ?”

ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಉಂಡೆಯನ್ನು ಮೇಜಿನ ಮೇಲಿಟ್ಟು, “ಕೋವೀಲೇ ದೋಷ ಇರಬಹುದು. ಹಳೇದು. ಒಳಗೆ ಸವೆದಿದ್ರೆ ಸೇಫ್ಟಿ ತೆಗೆದ ತಕ್ಷಣ ತಾನೇ ಹಾರುತ್ತಂತೆ. ನಾಳೆ ರಿಪೇರಿಯವರ ಹತ್ರ ಹೋಗ್ತೀನಿ” ಎಂದರು. ಹಾಗೆ ಹೇಳುವಾಗ ಧ್ವನಿಯಲ್ಲೊಂದು ಆಸೆ ಇತ್ತು. ಕಾಯಿಲೆಯ ಹೆಸರು ಗೊತ್ತಾಗಲಿ ಎಂದು ಕಾಯುವವರ ಆಸೆ.

“ನಾನೂ ಬರ್ತೀನಿ” ಎಂದೆ.

“ನೀನ್ಯಾಕೆ?”

“ನನ್ನ ಗಂಡನ ಕಾಲು ಮಾವ ಅದು.”

ಬೋಲ್ಟ್ ತೆಗೆದುಬಿಟ್ಟರೆ ಕೋವಿ ಬರೀ ಕೊಳವೆ ಎಂದು ಮಾವ ಹತ್ತು ಸಲ ಹೇಳಿದರೂ ನನ್ನ ಎದೆ ಕೇಳಲಿಲ್ಲ. ಕೊಳವೆಯನ್ನು ಕಂಬಳಿಯಲ್ಲಿ ಸುತ್ತಿ ವ್ಯಾನಿನ ಹಿಂಭಾಗದಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ನಿಲ್ಲಿಸಿದರು. ಬೋಲ್ಟು ನನ್ನ ಕೈಚೀಲದಲ್ಲಿ, ಮಗಳ ನೀರಿನ ಬಾಟಲಿ, ಒದ್ದೆ ಕರವಸ್ತ್ರ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣಗಳ ನಡುವೆ. ವ್ಯಾನು ಹಳ್ಳಕ್ಕೆ ಇಳಿದಾಗಲೆಲ್ಲ ಚೀಲವನ್ನು ಹೊಟ್ಟೆಯಿಂದ ದೂರ ಹಿಡಿಯುತ್ತಿದ್ದೆ. ಮಾವ ಓರೆಗಣ್ಣಿನಿಂದ ನೋಡಿ, “ಅದು ಕಬ್ಬಿಣದ ತುಂಡು, ಕಚ್ಚಲ್ಲ” ಎಂದರು. ಅವರ ತುಟಿಯೂ ಒಣಗಿತ್ತು.

ಕೋವಿ ರಿಪೇರಿಯ ಅಂಗಡಿ ಒಂದು ದರ್ಜಿ ಅಂಗಡಿಗೂ ಔಷಧದಂಗಡಿಗೂ ನಡುವೆ ಒತ್ತರಿಸಿಕೊಂಡು ಇದೆ. ಎಣ್ಣೆ ವಾಸನೆ, ಗೋಡೆಗೆ ಸಾಲಾಗಿ ನೇತು ಹಾಕಿದ ಅರಗಳು, ಕಿಟಕಿಯಲ್ಲಿ ಒಂದು ಬೆಕ್ಕು. ರಿಪೇರಿಯವರಿಗೆ ಮಾವನದೇ ವಯಸ್ಸು. ಜೀವಮಾನವಿಡೀ ಗುಂಡಿನ ಸದ್ದು ಕೇಳಿ ಕೇಳಿ ಅವರ ಕಿವಿ ಹೋಗಿದೆ. ಅವರು ಕೂಗಿ ಮಾತಾಡುತ್ತಾರೆ, ಅವರಿಗೆ ಕೂಗಿ ಹೇಳಬೇಕು.

“ಬನ್ನಿ ಬನ್ನಿ! ಅಕ್ಕನ ಕೋವಿ! ಇದರ ಮುಖ ನೋಡಿ ಎಷ್ಟು ವರ್ಷ ಆಯ್ತು!” ಎಂದು, ನಮ್ಮನ್ನು ಬಿಟ್ಟು ಕಂಬಳಿಯನ್ನು ಮಾತಾಡಿಸಿದರು. ನಾನು ಕೈಚೀಲದಿಂದ ಬೋಲ್ಟ್ ತೆಗೆದುಕೊಟ್ಟಾಗ ಅದಕ್ಕೆ ಬಿಸ್ಕತ್ತಿನ ಪುಡಿ ಅಂಟಿತ್ತು. “ಸಿಹಿಯೋ ಖಾರವೋ?” ಎಂದು ಕೇಳಿ ಒರೆಸಿದರು.

ಮಾವ ಬೇಲಿಯ ಸಂಗತಿಯನ್ನು ಕೂಗಿ ಹೇಳಿದರು. ರಿಪೇರಿಯವರ ನಗು ಹೋಯಿತು. ಬೋಲ್ಟ್ ಸೇರಿಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಆಮೇಲೆ ಬೆರಳು ಹಾಕಿಯೂ ನೋಡಿ, ಕೋವಿಯ ಬಾಯನ್ನು ಮರಳಿನ ಮೂಟೆಯ ಕಡೆ ತಿರುಗಿಸಿದರು.

“ನೋಡಿ. ಸೇಫ್ಟಿ ಹಾಕ್ತೀನಿ. ಟ್ರಿಗರ್ ಎಳೀತೀನಿ, ಬಿಡ್ತೀನಿ. ಈಗ ಸೇಫ್ಟಿ ತೆಗೀತೀನಿ. ತೆಗೆದಾಗ ಒಳಗೆ ಟಕ್ ಅಂದ್ರೆ ಕೋವಿದೇ ತಪ್ಪು. ಸವೆದಿದೆ ಅಂತ ಅರ್ಥ.”

ಬೆಕ್ಕು ಕೂಡ ಕತ್ತೆತ್ತಿತು. ಅವರ ಹೆಬ್ಬೆರಳು ಸೇಫ್ಟಿಯ ಗುಂಡಿಯನ್ನು ಮುಂದಕ್ಕೆ ತಳ್ಳಿತು.

ಸದ್ದಿಲ್ಲ.

ಮತ್ತೆ ಮಾಡಿದರು. ಇನ್ನೂ ಜೋರಾಗಿ ಟ್ರಿಗರ್ ಎಳೆದು, ಬಿಟ್ಟು, ತೆಗೆದರು. ಸದ್ದಿಲ್ಲ. ರಬ್ಬರಿನ ಸುತ್ತಿಗೆಯಿಂದ ಪಕ್ಕಕ್ಕೆ ಹೊಡೆದರು, ಹಿಡಿಯ ಬುಡವನ್ನು ನೆಲಕ್ಕೆ ಕುಟ್ಟಿದರು. ಪ್ರತಿ ಸಲವೂ ನಾನು ಭುಜ ಕುಗ್ಗಿಸಿಕೊಂಡೆ, ಪ್ರತಿ ಸಲವೂ ಟಕ್ ಅನ್ನಲಿ, ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ. ಜಗತ್ತಿನಲ್ಲಿ ಯಾರಾದರೂ ಕೋವಿ ಕೆಟ್ಟಿರಲಿ ಎಂದು ಬೇಡಿಕೊಂಡಿದ್ದಾರೋ ಇಲ್ಲವೋ. ಮಾವನ ಮುಖ ನೋಡಲು ಧೈರ್ಯವಾಗಲಿಲ್ಲ. ಅವರ ಕೈ ನೋಡಿದೆ. ತೋರುಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದರು.

ಕೊನೆಗೆ ರಿಪೇರಿಯವರು ಸೇಫ್ಟಿ ತೆಗೆದು ಟ್ರಿಗರನ್ನು ಮೆಲ್ಲಗೆ ಒತ್ತಿದರು. ಟಕ್.

“ಒತ್ತಿದ್ರೆ ಮಾತ್ರ ಬರುತ್ತೆ. ಚೊಕ್ಕವಾಗಿದೆ ಕೋವಿ!” ಎಂದು ಕೂಗಿದರು. ಆಮೇಲೆ ಮಾವನ ಕಡೆ ಬಗ್ಗಿ, ಅದೇ ದೊಡ್ಡ ಧ್ವನಿಯಲ್ಲಿ, “ಬೇಲಿ ಹತ್ರ ಬೆರಳು ಎಲ್ಲಿತ್ತು?” ಎಂದರು.

ಮಾವ ಏನೋ ಗೊಣಗಿದರು.

“ಏನು?”

ಮತ್ತೆ ಗೊಣಗಿದರು. ರಿಪೇರಿಯವರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡರು. “ಕೇಳಿಸ್ಲಿಲ್ಲ! ಟ್ರಿಗರ್ ಮೇಲಿತ್ತಾ, ಹೊರಗಿತ್ತಾ?”

“ಗೊತ್ತಿಲ್ಲ!” ಎಂದು ಮಾವ ಕೂಗಿದರು. ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ಬೆರಳೆಲ್ಲಿತ್ತು ಅಂತ ನನಗೇ ಗೊತ್ತಿಲ್ಲ! ಚಳೀಲಿ ಆ ಬೆರಳು ಸತ್ತೇ ಹೋಗಿರುತ್ತೆ! ಕನ್ನಡಿ ಕೊಯ್ದಾಗಿನಿಂದ! ನೋಡಿದ್ರೆ ಇರುತ್ತೆ, ನೋಡದಿದ್ರೆ ಇರಲ್ಲ!”

ಪಕ್ಕದ ಹೊಲಿಗೆ ಯಂತ್ರ ನಿಂತಿತು. ಔಷಧದಂಗಡಿಯ ಮುಂದಿದ್ದ ಹೆಂಗಸು ತಿರುಗಿ ನೋಡಿದಳು. ಇಷ್ಟು ವರ್ಷ ಹೆಂಡತಿಯಿಂದ, ಅಕ್ಕನಿಂದ, ಸಾಕಿದ ಸೋದರಳಿಯನಿಂದ ಮುಚ್ಚಿಟ್ಟದ್ದನ್ನು ಬೀದಿಗೆಲ್ಲ ಕೇಳುವಂತೆ ಹೇಳಿದ ಮೇಲೆ ಮಾವ ಮರಳಿನ ಮೂಟೆಯ ಮೇಲೆ ಕುಸಿದು ಕೂತರು.

ಇಲ್ಲಿಯವರೆಗೆ ಹೆದರಿಕೆಗೆ ಒಂದು ಜಾಗವಿತ್ತು. ಕಪಾಟು, ಕಂಬಳಿ, ಬೋಲ್ಟು. ಗೋಡೆಗೆ ಒರಗಿ ದಾಟಿದರೆ ಸಾಕಿತ್ತು. ಈಗ ಅದು ಮಾವನ ಕೈಯಲ್ಲಿತ್ತು. ಅದೇ ಕೈ ನನ್ನ ಮಗಳ ಹಾಲಿನ ಲೋಟ ಹಿಡಿಯುತ್ತದೆ, ಅದೇ ಬೆರಳನ್ನು ಹಿಡಿದುಕೊಂಡು ಅವಳು ರಸ್ತೆ ದಾಟುತ್ತಾಳೆ.

ರಿಪೇರಿಯವರು ಸ್ಟೂಲನ್ನು ಎಳೆದುಕೊಂಡು ಎದುರಿಗೆ ಕೂತರು. ತಮ್ಮ ಮಟ್ಟಿಗೆ ಮೆತ್ತಗಿನ ಧ್ವನಿ ಮಾಡಿಕೊಂಡರು. ಆದರೂ ಬೆಕ್ಕು ಎದ್ದು ಹೋಯಿತು. “ನೋಡಿ ಯಜಮಾನ್ರೇ. ಇಲ್ಲಿ ಒಳಗೆ ಒಂದು ಚಿಕ್ಕ ಮುಂಚಾಚು ಇದೆ. ಬೋಲ್ಟನ್ನ ಹಿಡಿದಿಡೋದು ಅದೇ. ಅದಕ್ಕೆ ಅರ ಹಾಕಿ ತೆಗೆದ್ರೆ ಸೇಫ್ಟಿ ಹಾಕ್ಕೊಂಡೇ ಖಾಲಿ ಮಾಡಬಹುದು. ಬೇಲಿ ಹತ್ರ ಬೆರಳು ಎಲ್ಲಿದ್ರೂ ಹಾರಲ್ಲ.”

“ಹಾಗಿದ್ರೆ ಮಾಡಿಬಿಡಿ” ಎಂದರು ಮಾವ, ತಲೆಯೆತ್ತದೆ. ಅಷ್ಟು ಸುಲಭವಾಗಿ ಒಪ್ಪಿದರು. ಅಕ್ಕನ ಮಾತು ಎಲ್ಲಿ ಹೋಯಿತೋ. ನನಗೆ ಸಮಾಧಾನವಾಗಬೇಕಿತ್ತು. ಆದರೆ ಭಾನುವಾರ ಅಲ್ಲೇ, ಬಾಗಿಲ ಹೊರಗೇ ನಿಂತಿತ್ತು. ಸೇಫ್ಟಿ ಸರಿಹೋಯಿತು ಎಂದು ನನ್ನವರು ಸಿಳ್ಳೆ ಹಾಕುತ್ತಾ ಬೂಟಿನ ದಾರ ಕಟ್ಟಿಕೊಳ್ಳುವುದು ಕಣ್ಣಿಗೆ ಕಟ್ಟಿತು.

“ಒಂದು ಕೇಳ್ಲಾ?” ಎಂದೆ. ಮತ್ತೆ ಕೂಗಿ ಕೇಳಬೇಕಾಯಿತು. “ಹಂದಿ ಬಂದಾಗ? ಆವಾಗ ಸೇಫ್ಟಿ ತೆಗೀಲೇಬೇಕಲ್ವಾ?”

“ತೆಗೀಲೇಬೇಕು ತಾಯಿ.”

“ಆವಾಗ?”

ಅವರು ಮಾವನನ್ನು ನೋಡಿದರು. “ಆವಾಗ ಬೆರಳೇ ಸೇಫ್ಟಿ” ಎಂದರು. “ಕಬ್ಬಿಣಕ್ಕೆ ನಾನು ಅರ ಹಾಕಬಲ್ಲೆ. ಬೆರಳಿಗೆ ಹಾಕೋಕೆ ನನ್ನ ಹತ್ರ ಏನೂ ಇಲ್ಲ. ಇನ್ನೊಂದು ಮಾತು. ತೆಗೆದದ್ದನ್ನ ಮತ್ತೆ ಅಂಟಿಸೋಕಾಗಲ್ಲ. ಕೋವಿ ಇಲ್ಲೇ ಇರ್ಲಿ. ಮನೆಗೆ ಹೋಗಿ ಯೋಚನೆ ಮಾಡಿ, ನಾಳೆ ಹೇಳಿ. ಬೇರೆ ಬೆರಳಿಂದ ಹೊಡೆಯೋರೂ ಇದಾರೆ, ಅದನ್ನೂ ನೋಡ್ಕೊಳ್ಳಿ.”

ವಾಪಸು ಬರುವಾಗ ನನ್ನ ಚೀಲ ಹಗುರವಾಗಿತ್ತು. ಮಾವ ಸ್ಟಿಯರಿಂಗ್ ಹಿಡಿದ ರೀತಿಯನ್ನೇ ನೋಡುತ್ತಿದ್ದೆ. ಆ ಬೆರಳು ಉಳಿದವುಗಳಿಂದ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಇಷ್ಟು ವರ್ಷ ಅದನ್ನು ಅವರ ಗತ್ತು ಎಂದುಕೊಂಡಿದ್ದೆ.

“ಮಾಡಿಸಿದ ಮೇಲೆ ಹೋಗ್ತೀರಾ ಮಾವ?”

ಅವರು ಎದುರಿನ ಟ್ರಕ್ಕಿಗೆ ದಾರಿ ಬಿಟ್ಟರು. “ಹೋಗದಿದ್ರೆ ನಾನು ಯಾರು ಅಂತ ಯೋಚನೆ ಮಾಡ್ತಿದೀನಿ” ಎಂದರು. “ಬರೀ ಗಾಜಿನವನು. ಗಾಜಿಗೂ ಬೆರಳು ಬೇಕು.”

“ಇವರು ನಿಮ್ಮ ಜೊತೆ ಬಂದೇ ಬರ್ತಾರೆ. ನಾನು ಬೇಡ ಅಂದ್ರೂ.”

“ಗೊತ್ತು.”

“ನಂಗೆ ಹೆದರಿಕೆ ಆಗ್ತಿದೆ ಮಾವ.”

“ನಂಗೂ ಆಗ್ತಿದೆ ಕಣಮ್ಮ” ಎಂದರು. ಅಷ್ಟು ಹೇಳಿದ್ದೇ, ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿ, ಕನ್ನಡಕ ತೆಗೆದು, ಎಡಗೈಯಿಂದ ಕಣ್ಣು ಒತ್ತಿಕೊಂಡರು. ಹಿಂದೆ ಒಬ್ಬ ಹಾರ್ನ್ ಬಾರಿಸಿದ. “ಹೋಗಯ್ಯ, ಗಾಜಿದೆ ಗಾಡೀಲಿ!” ಎಂದು ನಾನೇ ಕತ್ತು ಹೊರಗೆ ಹಾಕಿ ಗದರಿದೆ. ಮಾವನಿಗೆ ಅಳುವಿನ ನಡುವೆಯೇ ನಗು ಬಂತು. ನನಗೂ.

ಅಂಗಡಿಗೆ ಬಂದೆವು. ಮೇಲೆ ಅತ್ತೆ ಮಗಳಿಗೆ ಏನೋ ಹಾಡು ಹೇಳಿಕೊಡುತ್ತಿದ್ದರು. ಹಜಾರದಲ್ಲಿ ಇಬ್ಬರೂ ಧಾರಾಳವಾಗಿ ಓಡಾಡುವ ಸದ್ದು ಕೇಳುತ್ತಿತ್ತು. ಕಪಾಟು ಖಾಲಿಯಾಗಿತ್ತಲ್ಲ. ಮಾವ ಮೊದಲು ಮೇಲೆ ಹೋಗಿ ಬಂದು ಅಂಗಡಿಯೊಳಗೆ ಏನೋ ಹೊಂದಿಸತೊಡಗಿದರು. ನಾನು ವ್ಯಾನಿನಲ್ಲಿ ಬಿಟ್ಟ ಚೀಲ ತಂದು, ಮೇಲೆ ಹೋಗಲು ಮೆಟ್ಟಿಲಿಗೆ ಕಾಲಿಟ್ಟೆ.

“ಮಗಳೇ, ನಿಂತ್ಕೋ. ನಿನ್ನಿಂದ ಒಂದು ಉಪಕಾರ ಆಗ್ಬೇಕು.”

ತಿರುಗಿ ನೋಡಿದೆ. ಅವರು ಅಂಗಡಿಯ ಬಾಗಿಲನ್ನು ಮುಂದಕ್ಕೆ ಮಾಡಿ ಬಂದು, ಪುಟ್ಟಿ ಕಲಸುವ ಬೋಗುಣಿಯನ್ನು ತೊಳೆದು ನಲ್ಲಿಯ ಕೆಳಗಿಟ್ಟಿದ್ದರು. ನೀರು ತುಂಬುತ್ತಿತ್ತು. ಫ್ರಿಜ್ಜಿನ ಮಂಜುಗಡ್ಡೆಯ ತಟ್ಟೆಯನ್ನೂ ಕೆಳಗೆ ತಂದಿದ್ದರು. ಮೇಜಿನ ಮೇಲೆ ಅತ್ತೆಯ ದಪ್ಪ ಹೊಲಿಗೆ ಸೂಜಿ, ಒಂದು ತುಂಡು ಬಿಳಿ ಬಟ್ಟೆ.

“ಕೈ ಎರಡೂ ಇದರಲ್ಲಿ ಅದ್ದಿಟ್ಕೊಳ್ತೀನಿ, ಚೆನ್ನಾಗಿ ಕೊರೆಯೋವರೆಗೂ. ಹೊಲದಲ್ಲಿ ಬೆಳಗಿನ ಹೊತ್ತು ಇರೋ ಹಾಗೆ” ಎಂದರು. “ಆಮೇಲೆ ಕಣ್ಣು ಮುಚ್ಕೊಳ್ತೀನಿ. ನೀನು ಒಂದೊಂದೇ ಬೆರಳಿಗೆ ಚುಚ್ಚು. ಹತ್ತಕ್ಕೂ. ಯಾವ ಬೆರಳು ಅಂತ ನಾನು ಹೇಳ್ತೀನಿ. ಟ್ರಿಗರಿಗೆ ಹಾಕೋಕೆ ಒಂದಾದ್ರೂ ಬೆರಳು ಜೀವಂತ ಇದ್ರೆ ನಾಳೆ ಅರ ಹಾಕಿಸ್ತೀನಿ. ಇಲ್ಲದಿದ್ರೆ ಸೇಫ್ಟಿ ಮಾತೇ ಬೇಡ. ಕೋವಿ ಅಲ್ಲೇ ಇರ್ಲಿ, ಯಾರಾದ್ರೂ ತಗೊಳ್ಳಲಿ.”

“ಅತ್ತೆಗೆ ಹೇಳಬಾರದಾ? ಇವರಿಗಾದ್ರೂ...”

“ನಿಮ್ಮತ್ತೆ ಸೂಜಿ ಹಿಡ್ಕೊಂಡೇ ಅಳ್ತಾಳೆ. ನಿನ್ನ ಗಂಡ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾನೆ. ನಿನಗೆ ನನಗಿಂತ ಅವನ ಕಾಲು ಮುಖ್ಯ. ಅದಕ್ಕೇ ನಿನ್ನ ಕೇಳ್ತಿರೋದು.”

ಅಂಗಿಯ ತೋಳು ಮಡಚಿಕೊಂಡು ಸ್ಟೂಲಿನ ಮೇಲೆ ಕೂತರು. ಮಂಜುಗಡ್ಡೆಯನ್ನು ನೀರಿಗೆ ಸುರಿದರು. ಎರಡೂ ಕೈ ಅದ್ದುವ ಮುಂಚೆ ಒಂದು ಕ್ಷಣ ತಡೆದರು.

“ಇನ್ನೊಂದು. ನಾನೂ ಸುಳ್ಳು ಹೇಳಬಹುದು. ಗೊತ್ತಾಗದಿದ್ರೂ ಗೊತ್ತಾಯ್ತು ಅಂತೀನೇನೋ, ಆಸೆಗೆ. ಅದಕ್ಕೇ ಕೆಲವು ಸಲ ಚುಚ್ಚದೇನೇ, ಯಾವ ಬೆರಳು ಅಂತ ಕೇಳು. ಚುಚ್ಚಿಲ್ಲ ಅಂತ ಹೇಳ್ಬೇಡ. ಮಾಡ್ತೀಯಾ ಮಗಳೇ?”